ಕುಮಟಾ–ಕಾರವಾರ ದಿನಾ ಅಪ್-ಡೌನ್: ಬಸ್ಸಾ, ರೈಲಾ, ಇಲ್ಲಾ ರೂಮೇ ಮಾಡೂದಾ?

ಕೇಳಿದವರು, ಕುಮಟಾ:
ಎಲ್ರಿಗೂ ನಮಸ್ಕಾರ. ಬರೋ ತಿಂಗಳಿಂದ ನಂಗೆ ಕಾರವಾರಕ್ಕೆ ಪೋಸ್ಟಿಂಗ್, ಡಿಸಿ ಆಫೀಸ್ ಹತ್ರನೇ ಕೆಲಸ, 10ರಿಂದ 5.30. ಮನೆ ಕುಮಟಾ ಪೇಟೆಲಿ. ಮಗ ಮೂರನೇ ಕ್ಲಾಸು, ಅತ್ತೆಗೆ ಮಂಡಿನೋವು, ಹಾಗಾಗಿ ಕಾರವಾರದಲ್ಲಿ ರೂಮ್ ಮಾಡೋ ಮನಸ್ಸಿಲ್ಲ. ಒಂದು ಕಡೆಗೇ ಹತ್ರ ಹತ್ರ 70 ಕಿಲೋಮೀಟರ್ ಆಗ್ತದೆ. ದಿನಾ ಹೋಗಿ ಬರೋರು ಯಾರಾದ್ರೂ ಇದ್ರೆ ಹೇಳಿ, ಬಸ್ ಒಳ್ಳೇದಾ ರೈಲು ಒಳ್ಳೇದಾ, ಮಳೆಗಾಲದಲ್ಲಿ ಎಂತ ಮಾಡ್ತೀರಿ? ಮನೇಲಿ ಎಲ್ರೂ ಆಗೂದಿಲ್ಲ ಬಿಡು ಅಂತಿದ್ದಾರೆ.

ಕುಮಟಾದ ಇನ್ನೊಬ್ರು:
ತಂಗಿ, ಆಗ್ತದೆ. ನಾನು ವರ್ಷಗಟ್ಟಲೆ ಮಾಡಿದ್ದೇನೆ, ನನ್ನ ಹಾಗೇ ಮಾಡೋ ಟೀಚರ್‌ಗಳು, ಬ್ಯಾಂಕಿನವರು, ಆಸ್ಪತ್ರೆಯವರು ಬೇಕಾದಷ್ಟು ಜನ ಇದ್ದಾರೆ, ಒಂದು ವಾರ ಹೋದ್ರೆ ನಿಮಗೇ ಎಲ್ರ ಮುಖ ಗುರ್ತಾಗ್ತದೆ. ಆದ್ರೆ ಎಲ್ರೂ ಬೆಳಿಗ್ಗೆ ಹೋಗೂದು ಹೇಗೆ ಅಂತಲೇ ಕೇಳ್ತಾರೆ, ನೀವು ಸಂಜೆ ಬರೂದು ಹೇಗೆ ಅಂತ ಮೊದ್ಲು ನೋಡ್ಕೊಳ್ಳಿ. ಬೆಳಿಗ್ಗೆ ಹೇಗೋ ಆಗ್ತದೆ, ಒಂದು ಬಸ್ ತಪ್ಪಿದ್ರೆ ಹಿಂದೆ ಇನ್ನೊಂದು ಬರ್ತದೆ. ಸಂಜೆ ಐದೂವರೆಗೆ ಸಾಹೇಬ್ರು "ಒಂದು ಫೈಲ್ ನೋಡಿ ಹೋಗಿ" ಅಂದ್ರು ಅಂತಿಟ್ಕೊಳ್ಳಿ, ಅಲ್ಲಿಂದ ಶುರು ತಲೆಬಿಸಿ, ಯಾಕಂದ್ರೆ ಆ ಹೊತ್ತಿಗೆ ಸ್ಟೂಡೆಂಟ್ಸು, ಆಫೀಸಿನವರು, ಆಸ್ಪತ್ರೆಗೆ ಬಂದೋರು ಎಲ್ಲಾ ಒಟ್ಟಿಗೇ ಸ್ಟ್ಯಾಂಡಿಗೆ ಬರ್ತಾರೆ, ಹೊತ್ತು ಹೋದ ಹಾಗೆ ಬಸ್ಸೂ ಕಮ್ಮಿ ಆಗ್ತಾ ಹೋಗ್ತದೆ. ಜಾಯಿನ್ ಆಗೋ ಮೊದ್ಲೇ ಒಂದು ಸಂಜೆ ಕಾರವಾರ ಸ್ಟ್ಯಾಂಡಲ್ಲಿ ಕಂಟ್ರೋಲರ್ ಹತ್ರ ಹೋಗಿ, ಐದೂವರೆ ಮೇಲೆ ಕುಮಟಾ ದಾಟಿ ಹೋಗೋ ಬಸ್ ಯಾವ್ಯಾವ್ದು, ಕಡೇದು ಯಾವ್ದು ಕೇಳಿ ಬರ್ಕೊಳ್ಳಿ. ಬೋರ್ಡಲ್ಲಿ ಬರ್ದದ್ದನ್ನ ಅಷ್ಟು ನಂಬಬೇಡಿ, ಅವ್ರ ಬಾಯಲ್ಲೇ ಕೇಳಿ.

ಬಸ್ಸಿನ ದೊಡ್ಡ ಲಾಭ ಅಂದ್ರೆ ಕಾರವಾರ ಸ್ಟ್ಯಾಂಡ್ ಪೇಟೆ ನಡುವೆ ಇದೆ, ಇಳಿದು ಆಫೀಸಿಗೆ ನಡ್ಕೊಂಡೇ ಹೋಗ್ಬಹುದು. ಮತ್ತೆ ನಿಮಗೆ ಶಕ್ತಿ ಇದೆ, 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ದುಡ್ಡೇ ಇಲ್ಲ, ಆಧಾರ್ ತೋರ್ಸಿ ಝೀರೋ ಟಿಕೆಟ್ ತಕೊಳ್ಳಿ, ಇಳಿಯೋ ತನಕ ಬಿಸಾಡ್ಬೇಡಿ, ಚೆಕಿಂಗ್‌ನವ್ರು ಬರ್ತಾರೆ. ಒಂದು ವಿಷ್ಯ ಮಾತ್ರ, ಪಣಜಿ, ಮಡಗಾಂವ್ ಬೋರ್ಡ್ ಇರೋ ಬಸ್ ಹತ್ತಿದ್ರೆ ಅದು ಅಂತರರಾಜ್ಯ ಲೆಕ್ಕ, ಶಕ್ತಿ ನಡೆಯೂದಿಲ್ಲ. ರಾಜಹಂಸ, ಸ್ಲೀಪರ್, ಎಸಿಗೂ ಇಲ್ಲ. ಅವಸರದಲ್ಲಿ ಹತ್ತಿ ಆಮೇಲೆ ಕಂಡಕ್ಟರ್ ಹತ್ರ ವಾದ ಮಾಡೋರನ್ನ ದಿನಾ ನೋಡ್ತೇನೆ.

ಅಂಕೋಲಾ ಕಡೆಯವರು:
ಸೀಟಿನ ಬಗ್ಗೆ ಒಂದು ಮಾತು. ಭಟ್ಕಳ, ಮಂಗಳೂರು ಕಡೆಯಿಂದ ಬರೋ ಬಸ್ ಕುಮಟಾಕ್ಕೆ ಬರುವಾಗ್ಲೇ ತುಂಬಿರ್ತದೆ. ಕುಮಟಾದಿಂದಲೇ ಹೊರಡೋ ಬಸ್ಸಿಗೆ ಹತ್ತು ನಿಮಿಷ ಮೊದ್ಲು ಹೋಗಿ ಕೂತ್ಕೊಳ್ಳಿ. ನಿಂತು ಹೋಗೂದೇ ಆದ್ರೆ ಅಂಕೋಲಾ ತನಕ ಹೇಗಾದ್ರೂ ತಡ್ಕೊಳ್ಳಿ, ನಮ್ಮಲ್ಲಿ ಅರ್ಧ ಬಸ್ ಇಳೀತದೆ, ಹತ್ತೋರೂ ಇರ್ತಾರೆ ಅದು ಬೇರೆ, ಆದ್ರೆ ಒಳಗಿದ್ದೋರಿಗೆ ಸೀಟ್ ಮೊದ್ಲು. ಟೆಂಪೋ ನಂಬ್ಕೊಂಡು ಆಫೀಸಿಗೆ ಹೊರಡಬೇಡಿ. ಅದು ಹತ್ರದ ಊರಿಗೆ ಸೈ, ತುಂಬೋ ತನಕ ಹೊರಡೂದೇ ಇಲ್ಲ.

ರೈಲಲ್ಲಿ ಹೋಗೋ ಒಬ್ರು, ಹೊನ್ನಾವರ:
ಎಲ್ರೂ ಬಸ್ ಬಸ್ ಅಂತಿದ್ದೀರಲ್ಲ ಮಾರಾಯ್ರೆ, ರೈಲಿನದ್ದೂ ಹೇಳ್ತೇನೆ ಕೇಳಿ. ಬೆಂಗಳೂರಿಂದ ರಾತ್ರಿ ಹೊರಟು ಬರೋ ಪಂಚಗಂಗಾ ಬೆಳಿಗ್ಗೆ ಕಾರವಾರ ಮುಟ್ತದೆ, ಅದೇ ಗಾಡಿ ಸಂಜೆ ಕಾರವಾರದಿಂದ ವಾಪಸ್ ಹೊರಡ್ತದೆ. ನೋಡಿದ್ರೆ ನಮಗೋಸ್ಕರವೇ ಮಾಡಿದ ಹಾಗಿದೆ. ಆದ್ರೆ ಎರಡು ತೊಡಕು. ಬೆಳಿಗ್ಗೆ ಅದು ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ ಇಳಿದು ಬರೋ ಗಾಡಿ, ಅಲ್ಲಿ ಮಳೆಗೆ ಗುಡ್ಡ ಜಾರಿದ್ರೆ ಇಲ್ಲಿ ನಮಗೆ ರಜೆ ಬರೀಬೇಕು, 2024ರ ಜುಲೈನಲ್ಲಿ ಹಾಗೇ ಆಗಿ ಎಷ್ಟೋ ದಿನ ಆ ದಾರಿಲಿ ರೈಲೇ ಇರ್ಲಿಲ್ಲ. ಸಂಜೆದು ಕಾರವಾರದಿಂದಲೇ ಹೊರಡೂದ್ರಿಂದ ಟೈಮಿಗೆ ಹೊರಡ್ತದೆ, ಆದ್ರೆ ನೀವು 5.30ಕ್ಕೆ ಆಫೀಸ್ ಬಿಟ್ಟು ಸ್ಟೇಷನ್ ಮುಟ್ಟೂದು ಕಷ್ಟ, ಈಗಿನ ಟೈಮಿಂಗ್ ಆ್ಯಪಲ್ಲಿ ನೋಡಿ ನೀವೇ ಲೆಕ್ಕ ಹಾಕಿ. ಜೂನ್‌ನಿಂದ ಅಕ್ಟೋಬರ್ ತನಕ ಕೊಂಕಣ ರೈಲ್ವೆಗೆ ಮಾನ್ಸೂನ್ ಟೈಮ್ ಟೇಬಲ್ ಬೇರೆ, ಗಾಡಿ ನಿಧಾನ ಓಡಿಸ್ತಾರೆ, ನಮ್ಮ ಕಡೆ ಒಂದೇ ಹಳಿ ಆದ್ದರಿಂದ ಒಂದು ಲೇಟಾದ್ರೆ ಕ್ರಾಸಿಂಗಿಗೆ ಕಾದು ಇನ್ನೊಂದೂ ಲೇಟು.

ಸೀಸನ್ ಪಾಸ್ ಮಾಡ್ಸಿದ್ರೆ ಜನರಲ್ ಬೋಗಿ ಮಾತ್ರ, ಸ್ಲೀಪರಲ್ಲಿ ಹೋಗಿ ಕೂತ್ರೆ ಫೈನು. ಸೂಪರ್‌ಫಾಸ್ಟಿಗೆ ಮೇಲೆ ಇನ್ನೊಂದಿಷ್ಟು ಕಟ್ಬೇಕು. ಇಷ್ಟೆಲ್ಲ ಹೇಳಿದ್ರೂ ನಂಗೆ ರೈಲೇ ಇಷ್ಟ. ಒಂದು ತಾಸಲ್ಲಿ ಮುಟ್ತದೆ, ಸೊಂಟ ಉಳೀತದೆ.

ಶಿರವಾಡ:
ರೈಲಿನವ್ರು ಒಂದು ಮಾತು ಹೇಳ್ಲೇ ಇಲ್ಲ. ಕಾರವಾರ ಸ್ಟೇಷನ್ ಇರೂದು ಕಾರವಾರದಲ್ಲಲ್ಲ, ನಮ್ಮ ಶಿರವಾಡದಲ್ಲಿ, ಪೇಟೆಯಿಂದ ಆರೇಳು ಕಿಲೋಮೀಟರ್. ರೈಲಿಂದ ಇಳಿದು ಪೇಟೆ ಬಸ್ ಸಿಕ್ರೆ ಪುಣ್ಯ, ಇಲ್ದಿದ್ರೆ ಆಟೋ. ಒಬ್ರೇ ಹೋದ್ರೆ ದಿನದ ಆಟೋ ಖರ್ಚು ರೈಲ್ ಪಾಸನ್ನೇ ನುಂಗಿ ಹಾಕ್ತದೆ. ನಾಲ್ಕು ಜನ ಒಟ್ಟಾಗಿ ಒಂದೇ ಆಟೋದವ್ರಿಗೆ ತಿಂಗಳ ಲೆಕ್ಕ ಮಾತಾಡಿಟ್ಟುಕೊಂಡೋರು ಇದ್ದಾರೆ, ಸ್ಟೇಷನ್ ಹೊರಗೆ ಕೇಳಿದ್ರೆ ಗೊತ್ತಾಗ್ತದೆ.

ಶಿರಸಿ:
ಹೆಂಗಸರಿಗೆ ಅಪ್-ಡೌನ್ ಆಗೂದಿಲ್ಲ ಅಂತ ಹೇಳೋರ ಮಾತು ಕೇಳಬೇಡಿ ಅಕ್ಕ, ನಿಮಗೆ ಒಂದು ಹೈವೇ ಮತ್ತೆ ಒಂದು ರೈಲು ಎರಡೂ ಇದೆ. ನಮಗೆ ರೈಲಿನ ಸುದ್ದಿಯೇ ಇಲ್ಲ, ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟೂದ್ರೊಳಗೇ ಅರ್ಧ ಜೀವ ಹೋಗಿರ್ತದೆ, ಅದ್ರ ಮೇಲೆ ನಿಮ್ಮ 70. ನಾನು ಕಾರವಾರದ ಬಾಡದಲ್ಲಿ ರೂಮ್ ಮಾಡಿ ವಾರಕ್ಕೊಮ್ಮೆ ಮನೆಗೆ ಬರ್ತೇನೆ, ಎರಡನೇ ನಾಲ್ಕನೇ ಶನಿವಾರ ರಜೆ ಇರೂದ್ರಿಂದ ಅಷ್ಟಾದ್ರೂ ಆಗ್ತದೆ. ನೀವು ರೂಮ್ ಮಾಡೂದು ಬೇಡ, ಆದ್ರೆ ಮಳೆಗಾಲಕ್ಕೆ ಒಂದು ಜಾಗ ಗುರ್ತು ಮಾಡಿಟ್ಕೊಳ್ಳಿ, ಆಫೀಸಿನ ಯಾರಾದ್ರೂ ಹೆಂಗಸರ ಮನೆ, ಇಲ್ಲಾ ಒಂದು ರಾತ್ರಿಗೆ ಕೊಡೋ ಲೇಡೀಸ್ ಪಿಜಿ. ರೆಡ್ ಅಲರ್ಟ್ ದಿನ ಡಿಸಿ ಶಾಲೆಗೆ ರಜೆ ಕೊಡ್ತಾರೆ, ಆಫೀಸಿಗೆ ಕೊಡೂದಿಲ್ಲ. ಅಂದ್ರೆ ಮಗ ಮನೇಲಿ, ನೀವು ಬಸ್ಸಲ್ಲಿ. ಅಂಥ ದಿನಕ್ಕೆ ಮಗನ್ನ ನೋಡ್ಕೊಳ್ಳೋರು ಯಾರು ಅಂತ ಈಗ್ಲೇ ಮನೇಲಿ ಮಾತಾಡಿ, ಅತ್ತೆ ಒಬ್ರ ಮೇಲೇ ಹಾಕ್ಬೇಡಿ.

ಕುಮಟಾದ ಇನ್ನೊಬ್ರು:
ಶಿರಸಿಯವ್ರು ಹೇಳಿದ್ದು ಸರಿ. 2024 ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಬಂದ್ ಆಯ್ತಲ್ಲ, ಎಷ್ಟೋ ಜೀವ ಹೋಯ್ತು, ಆ ದಿನಗಳನ್ನ ನೆನೆಸಿದ್ರೆ ಈಗ್ಲೂ ಬೇಜಾರು. ನಮಗೂ ಕಾರವಾರಕ್ಕೂ ನಡುವೆ ಇದ್ದ ಒಂದೇ ನೇರ ರಸ್ತೆ ಅದು. ಬಸ್ಸು ಮಾತ್ರ ಗೊತ್ತಿದ್ದ ನಮ್ಮಂಥೋರು ಆವಾಗ್ಲೇ ರೈಲಿನ ಟೈಮ್ ಬಾಯಿಪಾಠ ಮಾಡಿದ್ದು. ಹಾಗಾಗಿ ದಿನಾ ಬಸ್ಸಲ್ಲೇ ಹೋಗಿ, ಆದ್ರೆ ವಾರಕ್ಕೊಮ್ಮೆ ಆದ್ರೂ ರೈಲಲ್ಲಿ ಹೋಗಿ ಅಭ್ಯಾಸ ಇಟ್ಕೊಳ್ಳಿ.

ಸದಾಶಿವಗಡ:
ಅದೇ ಆಗಸ್ಟ್ 7ಕ್ಕೆ ಕಾಳಿ ಹಳೇ ಸೇತುವೆ ಬಿತ್ತು, ಅವತ್ತಿಂದ ಎರಡೂ ಕಡೆ ವಾಹನ ಹೊಸ ಸೇತುವೆ ಮೇಲೇ. ನಿಮ್ಮ ದಾರಿಗೆ ಅದು ಬರೂದಿಲ್ಲ ಬಿಡಿ, ಆದ್ರೆ ಗೋವಾ ಕಡೆಯಿಂದ ಬರೋ ಬಸ್ಸನ್ನೇ ಸಂಜೆ ಕಾಯ್ತಾ ಕೂರೋದಾದ್ರೆ ನೆನಪಿರಲಿ.

ಅಂಕೋಲಾ ಕಡೆಯವರು:
ಮತ್ತೆ ಸಂಜೆ ಕಾರವಾರ ಮಾರ್ಕೆಟಲ್ಲಿ ಬಂಗಡೆ ಅಗ್ಗ ಅಂತ ತಕೊಂಡು ಹತ್ತೋದಾದ್ರೆ ಮುಚ್ಚಳ ಗಟ್ಟಿ ಇರೋ ಡಬ್ಬಿ ಒಯ್ಯಿರಿ. ಪ್ಲಾಸ್ಟಿಕ್ ಕೊಟ್ಟೆಲಿ ತಂದೋರನ್ನ ಕಂಡಕ್ಟರ್ ಹಿಂದೆ ಕಳಿಸ್ತಾರೆ, ಹಿಂದಿನ ಸೀಟಿನವ್ರು ಮುಂದೆ ಕಳಿಸ್ತಾರೆ 😄

ಕೇಳಿದವರು, ಕುಮಟಾ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಜನ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಶುರುವಿಗೆ ಬಸ್ಸೇ ಅಂತ ಮಾಡಿದೆ. ಶನಿವಾರ ಕಾರವಾರಕ್ಕೆ ಹೋಗಿ ಕಂಟ್ರೋಲರ್ ಹತ್ರ ಸಂಜೆ ಬಸ್ ಕೇಳಿ ಬರ್ತೇನೆ, ಮನೆಯವ್ರನ್ನೂ ಕರ್ಕೊಂಡು ಹೋಗ್ತೇನೆ, ಅವ್ರೇ ಕೇಳ್ಕೊಂಡು ಸಮಾಧಾನ ಮಾಡ್ಕೊಳ್ಳಲಿ. ರೆಡ್ ಅಲರ್ಟ್ ದಿನ ಪಕ್ಕದ ಮನೆ ಅಕ್ಕ ಮಗನ್ನ ನೋಡ್ತೇನೆ ಅಂದಿದ್ದಾರೆ. ಬಸ್ಸಲ್ಲಿ ನಂಗೆ ಬಿಸಿಲು ಬಡಿದ್ರೆ ತಲೆನೋವು ಬರ್ತದೆ, ಯಾವ ಕಡೆ ಕೂರಬೇಕು?

ಕುಮಟಾದ ಇನ್ನೊಬ್ರು:
ಹೋಗುವಾಗ್ಲೂ ಎಡಗಡೆ, ಬರುವಾಗ್ಲೂ ಎಡಗಡೆ. ಬೆಳಿಗ್ಗೆ ಉತ್ತರಕ್ಕೆ ಹೋಗ್ತೀರಿ, ಬಿಸಿಲು ಬಲಕ್ಕೆ ಬೀಳ್ತದೆ. ಸಂಜೆ ತಿರುಗಿ ಬರುವಾಗ ಪಡುವಣ ಬಿಸಿಲೂ ಬಲಕ್ಕೇ. ಮಳೆಗಾಲದಲ್ಲಿ ಮಾತ್ರ ಬೆಳಿಗ್ಗೆ ಬಲಗಡೆ ಕೂತ್ಕೊಳ್ಳಿ, ಸಮುದ್ರದ ಕಡೆಯಿಂದ ಎರಚಲು ಹೊಡೀತದೆ, ಕಿಟಕಿ ಎಷ್ಟೇ ಎಳೆದ್ರೂ ನಡುವೆ ಒಂದು ಸಂದಿ ಇದ್ದೇ ಇರ್ತದೆ.