ಹತ್ತು ದಿನದ ಚಾಲಿ ಅಡಿಕೆ ದರ: ನಾಲ್ಕು ದರಗಳ ಏರಿಕೆ ಅಥವಾ ಇಳಿಕೆ ಇದ್ದೇ ಇರುತ್ತದಾ?

ಚಾಲಿ_ಶಿರಸಿ: ಶಿರಸಿ ಮಾರುಕಟ್ಟೆಯ ಯಾವುದೇ 10 ದಿನದ ಚಾಲಿ ದರ ಬರೆದುಕೊಳ್ಳಿ. ಹತ್ತೂ ಬೇರೆ ಬೇರೆ ಇದ್ದರೆ ಅದರೊಳಗೆ ಏರುತ್ತಲೇ ಹೋಗುವ 4 ಅಥವಾ ಇಳಿಯುತ್ತಲೇ ಹೋಗುವ 4 ಸಿಕ್ಕೇ ಸಿಗುತ್ತವೆ. ಗಣಿತಜ್ಞರಾದ ಎರ್ಡೋಶ್, ಸೆಕೆರೆಶ್ 1935ರಲ್ಲೇ ಸಾಧಿಸಿದ್ದು.

ಬೈತಖೋಲ್: ಒಂದಿನ ಮೇಲೆ, ಒಂದಿನ ಕೆಳಗೆ ಹೋದರೆ? ಸತತ ಮೂರು ದಿನದ ಏರಿಕೆಯೂ ಸಿಗಲ್ಲ.

ಚಾಲಿ_ಶಿರಸಿ: ಸತತ ಅಂದವರು ಯಾರು ಮಾರಾಯ್ರೆ! ಇಲ್ಲಿ ಆರಿಸುವುದು ಉಪಶ್ರೇಣಿ, ಅದರಲ್ಲಿ ನಡುವಿನ ದಿನ ಬಿಡಬಹುದು, ಹಿಂದುಮುಂದು ಮಾಡುವಂತಿಲ್ಲ ಅಷ್ಟೆ.

ಬೈತಖೋಲ್: ಹಾಗಾದರೆ 3 2 1 6 5 4 9 8 7. ಇದರಲ್ಲಿ ನಾಲ್ಕು ತೋರಿಸಿ.

ಅಘನಾಶಿನಿ: ಅದು ಒಂಬತ್ತೇ ಆಯಿತಲ್ಲ. ಪ್ರತಿ ಸಂಖ್ಯೆಗೂ ಒಂದು ಜೋಡಿ ಬರೆಯಿರಿ: ಅಲ್ಲಿಗೆ ಮುಗಿಯುವ ಅತಿ ಉದ್ದದ ಏರಿಕೆ, ಅತಿ ಉದ್ದದ ಇಳಿಕೆ. 3ಕ್ಕೆ (1,1), 2ಕ್ಕೆ (1,2), 4ಕ್ಕೆ (2,3), ಕೊನೆಯ 7ಕ್ಕೆ (3,3). ಒಂದೇ ಜೋಡಿ ಎರಡು ಕಡೆ ಬರುವುದಿಲ್ಲ. ಮುಂದೆ ಬಂದದ್ದು ದೊಡ್ಡದಾದರೆ ಅದರ ಏರಿಕೆ ಕನಿಷ್ಠ 1 ಹೆಚ್ಚು, ಚಿಕ್ಕದಾದರೆ ಇಳಿಕೆ ಹೆಚ್ಚು. 3 ದಾಟದ ಜೋಡಿಗಳು ಒಟ್ಟು 9, ನೀವು ಒಂಬತ್ತನ್ನೂ ಖರ್ಚು ಮಾಡಿದ್ದೀರಿ. ಹತ್ತನೆಯದು ಎಷ್ಟೇ ಇರಲಿ, ಅದಕ್ಕೆ 4 ಬರಲೇಬೇಕು.

ಬೈತಖೋಲ್: ಸರಿ. ಎರಡು ದಿನ ಒಂದೇ ದರ ಬಿದ್ದರೆ?

ಅಘನಾಶಿನಿ: ಏರಿಕೆಯ ಕಡೆ ಸಮ ದರವನ್ನೂ ಸೇರಿಸಿಕೊಳ್ಳಿ, ವಾದ ಹಾಗೇ ನಿಲ್ಲುತ್ತದೆ. ಎರಡೂ ಕಡೆ ಸಮ ಬೇಡ ಅಂದರೆ ಕೆಡುತ್ತದೆ.

ಬೈತಖೋಲ್: ಏರಿಕೆ ಕಂಡಿತೆಂದು ಚಾಲಿ ತಡೆದಿಡಬಹುದಾ?

ಅಘನಾಶಿನಿ: ಬೇಡಪ್ಪಾ. ಚೀಟಿ ಎತ್ತಿ ಬರೆದ ಹತ್ತು ಸಂಖ್ಯೆಯಲ್ಲೂ ಇದು ಇರುತ್ತದೆ.

ಕುಮಟಾ_ಕೋಡ್: ಅತಿ ಉದ್ದದ ಏರಿಕೆ ಹುಡುಕುವುದರಲ್ಲಿ ಬಹಳ ಜನ ಎಡವುತ್ತಾರೆ. ಕ್ವಿಂಟಾಲಿಗೆ ಸಾವಿರದ ಲೆಕ್ಕದಲ್ಲಿ 41 38 45 40 43 39 47 ಎಂದಿಟ್ಟುಕೊಳ್ಳಿ. ದೊಡ್ಡದು ಕಂಡಾಗಲೆಲ್ಲ ಹಿಡಿದರೆ 41 45 47, ಮೂರೇ. ಬದಲಿಗೆ ಒಂದು ಪಟ್ಟಿ ಇಡಿ. ಬಂದದ್ದು ಎಲ್ಲಕ್ಕಿಂತ ದೊಡ್ಡದಾದರೆ ಕೊನೆಗೆ ಸೇರಿಸಿ. ಇಲ್ಲದಿದ್ದರೆ ಅದಕ್ಕೆ ಸಮ ಅಥವಾ ಅದಕ್ಕಿಂತ ದೊಡ್ಡದಾದ ಮೊದಲನೆಯದನ್ನು ತೆಗೆದು ಅಲ್ಲಿ ಇದನ್ನು ಕೂರಿಸಿ. ಕೊನೆಗೆ ಉಳಿಯುವುದು 38 39 43 47. ಉದ್ದ 4.

ಚಾಲಿ_ಶಿರಸಿ: 39 ಬಂದದ್ದು 43ರ ನಂತರ. ಇದು ಉತ್ತರ ಹೇಗಾಗುತ್ತದೆ?

ಕುಮಟಾ_ಕೋಡ್: ಆಗುವುದಿಲ್ಲ, ಪಟ್ಟಿಯ ಉದ್ದ ಮಾತ್ರ ಸರಿ. ಪ್ರತಿಯೊಂದನ್ನು ಕೂರಿಸುವಾಗ ಎಡಕ್ಕೆ ಯಾವುದಿತ್ತು ಎಂದು ಬರೆದಿಟ್ಟು ಹಿಂದಕ್ಕೆ ಬನ್ನಿ: 47, 43, 40, 38. ಸಮ ದರ ಸೇರಿಸುವುದಾದರೆ ತೆಗೆಯಬೇಕಾದ್ದು ನಿಜವಾಗಿ ದೊಡ್ಡದಾದ ಮೊದಲನೆಯದನ್ನು. ಪಟ್ಟಿ ಯಾವಾಗಲೂ ಏರಿಕೆಯಲ್ಲೇ ಇರುವುದರಿಂದ ಜಾಗವನ್ನು ಅರ್ಧರ್ಧ ಮಾಡುತ್ತ ಹುಡುಕಿದರೆ ಸಾಕು.