ವಾರಕ್ಕೊಂದು ಹುಳ, ವಾರಕ್ಕೊಂದು ಕಾಡುಹೂ: ಮಾಡಿದವರು ನಿಮ್ಮ ಅನುಭವ ಹೇಳಿ

ತಾರಸಿ ತೋಟ, ಮೈಸೂರು: ಈ ಯುಗಾದಿಯಿಂದ ಮುಂದಿನ ಯುಗಾದಿವರೆಗೆ ಪ್ರತಿ ಭಾನುವಾರ ಒಂದು ಹುಳ, ಒಂದು ಕಾಡುಹೂವಿನ ಫೋಟೊ ತೆಗೆಯಬೇಕು ಅಂತ ಆಸೆ. ತಾರಸಿ ಮೇಲೆ ಇಪ್ಪತ್ತು ಕುಂಡ ಇವೆ, ಪಕ್ಕದಲ್ಲಿ ಖಾಲಿ ಸೈಟು. ಹಳೆಯ ಕ್ಯಾಮೆರಾ, ಅದರ ಜೊತೆಗೇ ಬಂದ ಕಿಟ್ ಲೆನ್ಸ್ ಇದೆ. ಕೈಯಲ್ಲಿರೋದು 30,000 ರೂಪಾಯಿ. ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯೋ ಮ್ಯಾಕ್ರೊ ಲೆನ್ಸ್ ತಗೊಳ್ಳಲಾ, ಮೊಬೈಲೇ ಸಾಕಾ?

ಅಡಿಕೆ ತೋಟ, ಶಿರಸಿ: 2019ರಲ್ಲಿ ಸೆಕೆಂಡ್ ಹ್ಯಾಂಡ್ 100 ಎಂಎಂ ಮ್ಯಾಕ್ರೊ ಲೆನ್ಸನ್ನು 28,000ಕ್ಕೆ ತಗೊಂಡೆ. ಜೂನ್, ಜುಲೈ ಪೂರ್ತಿ ಬ್ಯಾಗಿನಲ್ಲಿಟ್ಟು ಕಪಾಟಿಗೆ ಹಾಕಿದ್ದೆ. ಚೌತಿ ಹೊತ್ತಿಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗಾಜಿನ ಅಂಚಿಗೆ ಜೇಡರ ಬಲೆಯ ಹಾಗೆ ಬೂಷ್ಟು. ಬಿಚ್ಚಿ ಒರೆಸಲು 4,200, ಕೊರಿಯರ್‌ಗೆ ಹೋಗಿ ಬರಲು 760. ವಾಪಸ್ ಬಂದಾಗ ಫೋಕಸ್ ರಿಂಗ್ ಬಿಗಿಯಾಗಿತ್ತು. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಬೂಷ್ಟು. ಈ ಸಲ ಗಾಜಿನ ಮೇಲಿನ ಕೋಟಿಂಗನ್ನೇ ತಿಂದಿದೆ ಅಂದರು ರಿಪೇರಿಯವರು. 9,000ಕ್ಕೆ ಮಾರಿದೆ. ಈಗ ಸಾದಾ ಜೂಮ್ ಲೆನ್ಸಿನ ಮುಂದೆ ರೇನಾಕ್ಸ್ 250 ಅನ್ನೋ ಕ್ಲೋಸಪ್ ಗಾಜು ಸಿಕ್ಕಿಸುತ್ತೇನೆ. ಎಲ್ಲವೂ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ಅದರ ನೀಲಿ ಮಣಿ ಗುಲಾಬಿಗೆ ತಿರುಗಿದ ದಿನ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿಯುತ್ತೇನೆ, ನೀಲಿ ಬರೋವರೆಗೆ.

ಆ ಸಾಮಾನಿನಲ್ಲೇ ಕೊಟ್ಟಿಗೆ ಹಿಂದಿನ ಮಾವಿನ ಗಿಡದಲ್ಲಿ ಒಂದು ಚಗಳಿಯ (ಕೆಂಪಿರುವೆ) ಫೋಟೊ ಹಿಡಿದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಕಾಲು ಎಂಟು! ಮುಂದಿನ ಎರಡು ಕಾಲು ಮೇಲೆತ್ತಿ ಮೀಸೆ ಥರ ಆಡಿಸುತ್ತಿತ್ತು. ಚಗಳಿ ವೇಷದ ಜಿಗಿಯುವ ಜೇಡ ಅದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಮಹಡಿ, ಬೆಂಗಳೂರು: ನಾನು 700 ರೂಪಾಯಿಯ ಕ್ಲಿಪ್ ಲೆನ್ಸ್ ಹಾಕಿ ಮೊಬೈಲಿನಲ್ಲೇ ಒಂದು ವರ್ಷ ಮಾಡಿದೆ. 52ರಲ್ಲಿ 41 ವಾರ ಆಯಿತು. ತಪ್ಪಿದ 11ರಲ್ಲಿ ಆರು ವಾರ ಡೆಂಗಿ ಮತ್ತು ಅದರ ಸುಸ್ತು, ಎರಡು ಮದುವೆ, ಉಳಿದದ್ದು ನನ್ನ ಸೋಮಾರಿತನ. ನನ್ನ ಇಡೀ ವರ್ಷ ನಡೆದದ್ದು ಒಂದೇ ನಿಂಬೆ ಕುಂಡದ ಮೇಲೆ. ನಿಂಬೆ ಚಿಟ್ಟೆ ಚಿಗುರಿಗೆ ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತೆ. ಮರಿಹುಳ ಮೊದಮೊದಲು ಹಕ್ಕಿ ಹಿಕ್ಕೆಯ ಹಾಗೇ ಇರುತ್ತೆ, ಕೊನೆಯ ಪೊರೆ ಬಿಟ್ಟ ಮೇಲೆ ಹಚ್ಚ ಹಸಿರು. ಮುಟ್ಟಿದರೆ ತಲೆ ಹಿಂದಿನಿಂದ ಕೆಂಪು ಕವಲು ಹೊರಗೆ ಚಾಚಿ ನಾತ ಬಿಡುತ್ತೆ. ಗಿಡದಲ್ಲಿ ಎಲೆ ಉಳಿಯಲಿಲ್ಲ, ಆ ವರ್ಷ ಒಂದು ಕಾಯಿಯೂ ಬಿಡಲಿಲ್ಲ. ನನಗೆ ಬೇಜಾರಿಲ್ಲ.

ಇನ್ನೊಂದು ಮಾತು. ಫ್ಲ್ಯಾಷ್ ಹೊಡೆದು ಹಿಂದೆಲ್ಲ ಕಪ್ಪು ಮಾಡಿದ ಜೇಡದ ಫೋಟೊ ನೋಡಿದರೆ ನನಗೆ ಪ್ಲಾಸ್ಟಿಕ್ ಗೊಂಬೆ ನೋಡಿದ ಹಾಗಾಗುತ್ತೆ.

ಅಡಿಕೆ ತೋಟ, ಶಿರಸಿ: ಅಡಿಕೆ ತೋಟದೊಳಗೆ ಮಧ್ಯಾಹ್ನ ಹನ್ನೆರಡಕ್ಕೂ ಮಬ್ಬು ಅಂತ ಗೊತ್ತಿದ್ದರೆ ಈ ಮಾತು ಬರುತ್ತಿರಲಿಲ್ಲ. ಅಷ್ಟು ಹತ್ತಿರದಲ್ಲಿ ಲೆನ್ಸಿನ ಕಂಡಿ ಕಿರಿದು ಮಾಡಿ ಎಫ್ 11 ಇಟ್ಟರೂ ಸ್ಪಷ್ಟವಾಗಿ ಸಿಗೋದು ಒಂದು ಮಿಲಿಮೀಟರ್ ಆಸುಪಾಸು. ಫ್ಲ್ಯಾಷ್ ಇಲ್ಲದೆ ಹೇಗೆ ಹಿಡಿಯಲಿ? ಚಿಪ್ಸ್ ಡಬ್ಬಿ, ಪ್ಯಾಕಿಂಗಿನ ಬಿಳಿ ಫೋಮ್, ಅಂಟು ಟೇಪು ಹಿಡಕೊಂಡು ಫ್ಲ್ಯಾಷಿನ ಬೆಳಕು ಮೆತ್ತಗಾಗಿಸೋ ಡಿಫ್ಯೂಸರ್ ಏಳು ಮಾಡಿ ಬಿಸಾಡಿದ್ದೇನೆ, ಎಂಟನೆಯದು ಸರಿಹೋಯಿತು. ಬಿಸಿಲಿರುವ ಮಹಡಿಯಲ್ಲಿ ನಿಂತು ಮಾತಾಡೋದು ಸುಲಭ.

ನಿವೃತ್ತ ಮಾಸ್ತರು, ಧಾರವಾಡ: ನೀವಿಬ್ರೂ ಹುಳದಾಗ ಮುಳುಗೀರಿ, ಹೂವಿನ ಸುದ್ದಿ ಯಾರೂ ತಗೀವಲ್ರಿ. ನಾ ನಾಕು ವರ್ಷದಿಂದ ಬರೇ ಕಾಡುಹೂ ತಗೀತೀನಿ. ವಿಷ್ಣುಕ್ರಾಂತಿ ಒಂದಕ್ಕ ಮೂರು ಭಾನುವಾರ ಹೋದ್ವು. ಚಾ ಕುಡದು, ಪೇಪರ್ ಓದಿ ಹೋದ್ರ ಹೂ ಮುಚ್ಚಿಬಿಟ್ಟಿರ್ತಿತ್ತು. ಕಿರುಬೆರಳ ಉಗುರಿನಷ್ಟ ನೀಲಿ ಹೂ, ನೆಲಕ್ಕ ಹತ್ತಿರ್ತದ. ಬೊಕ್ಕಬಾರ್ಲೆ ಮಲಗಿ ತಗದೆ. ಮೊಣಕಾಲಿಗೆ ಎಣ್ಣಿ, ಪಟ್ಟಿ ಅಂತ 1,150 ರೂಪಾಯಿ ಖರ್ಚಾತು. ಹೆಸರು ಹುಡುಕಾಕ ಭಾರತೀಯ ವಿಜ್ಞಾನ ಸಂಸ್ಥೆಯವರ ಕರ್ನಾಟಕ ಸಸ್ಯಸಂಪತ್ತಿನ ಡಿಜಿಟಲ್ ಕೋಶ ಅದ, ಪುಕ್ಕಟೆ. ಎಲಿ ಹಿಂಭಾಗ, ತೊಟ್ಟು, ಕಾಯಿ ಎಲ್ಲಾ ತಗೀರಿ. ಬರೇ ಹೂವಿನ ಮುಖ ತಗದ್ರ ಹೆಸರು ಸಿಗಂಗಿಲ್ಲ.

ಆದ್ರ ಖಾಲಿ ಸೈಟಿನಾಗ ಬೆಳ್ಯೋ ಟ್ರೈಡಾಕ್ಸ್, ಲಂಟಾನ, ಕಾಂಗ್ರೆಸ್ ಗಿಡಕ್ಕ ಕಾಡುಹೂ ಅನಬ್ಯಾಡ್ರಿ. ಅಮೆರಿಕದಿಂದ ಬಂದ ಕಳೆ ಅವು.

ಎರಡನೇ ಮಹಡಿ, ಬೆಂಗಳೂರು: ಮಾಸ್ತರೇ, ಮುಟ್ಟಿದರೆ ಮುನಿ ಕೂಡ ಅಲ್ಲಿಂದಲೇ ಬಂದದ್ದು. ಕಳೆದ ತಿಂಗಳು ಅದರ ಗುಲಾಬಿ ಚೆಂಡಿನಂಥ ಹೂವಿನ ಫೋಟೊ ಹಾಕಿ ‘ನಮ್ಮ ನೆಲದ ನಾಚಿಕೆ’ ಅಂತ ಬರೆದವರು ನೀವೇ. ನಮ್ಮ ಬೀದಿಯಲ್ಲಿ ಹಳದಿ ಚಿಟ್ಟೆ, ನೀಲಿ ಚಿಟ್ಟೆ ಮಕರಂದ ಹೀರೋದು ಟ್ರೈಡಾಕ್ಸ್‌ನಲ್ಲಿ. ಅದನ್ನೂ ಬಿಟ್ಟರೆ ಕಾಂಕ್ರೀಟಿನ ಫೋಟೊ ತೆಗೆಯಲಾ?

ನಿವೃತ್ತ ಮಾಸ್ತರು, ಧಾರವಾಡ: ಮುಟ್ಟಿದರೆ ಮುನಿ ವಿಚಾರದಾಗ ತಪ್ಪು ನಂದು. ಲಂಟಾನ ವಿಚಾರದಾಗ ನಾ ಸೋಲಂಗಿಲ್ಲ. ನಾ ಸಣ್ಣವ ಇದ್ದಾಗ ದನ ಮೇಯ್ತಿದ್ದ ಗುಡ್ಡದಾಗ ಈಗ ಕಾಲಿಡಾಕ ಆಗವಲ್ದು.

ಹಿತ್ತಲು, ಹಾಸನ: ಹುಳ, ಹೂವು ಅಂತ ಕಿತ್ತಾಡೋ ಬದಲು ಹಕ್ಕಿ ಗೂಡು ನೋಡಿ. ನಮ್ಮ ದಾಸವಾಳದಲ್ಲಿ ದರ್ಜಿ ಹಕ್ಕಿ ಎರಡೆಲೆ ಸೇರಿಸಿ ಹೊಲಿದಿತ್ತು. ನಾಲ್ಕು ಭಾನುವಾರಕ್ಕೆ ನಾಲ್ಕು ಫೋಟೊ ಆಯಿತು. ಬೆಳಕಿಗೆ ಅಡ್ಡ ಬರುತ್ತಿದ್ದ ಕೊಂಬೆಯನ್ನು ದಾರ ಕಟ್ಟಿ ಪಕ್ಕಕ್ಕೆ ಎಳೆದಿದ್ದೆ ಅಷ್ಟೇ, ಕಡಿಯಲಿಲ್ಲ. ಮೂರು ಮರಿಯೂ ಹಾರಿದವು.

ಗದ್ದೆ ಬದಿ, ಕಾರ್ಕಳ: ನಿಮ್ಮದು ಹಾರಿದವು. ನನ್ನದು ಪಿಕಳಾರದ ಗೂಡು, ಅಂಗಳದ ಕ್ರೋಟನ್ ಗಿಡದಲ್ಲಿ. ನಾನೂ ಹೀಗೇ ಕೊಂಬೆ ಸರಿಸಿದೆ, ಹತ್ತೇ ನಿಮಿಷ. ದಾರ ಬಿಚ್ಚಿ ಒಳಗೆ ಬಂದು ಕಾಫಿ ಲೋಟ ಎತ್ತಿದ್ದೆ, ಹೊರಗೆ ಕಿರುಚಾಟ. ಕೆಂಬೂತ ಗೂಡಿನ ಮೇಲೆ ಕೂತಿತ್ತು. ಎರಡೂ ಮರಿ ಹೋದವು. ತಾಯಿ ಹುಳ ಕಚ್ಚಿಕೊಂಡು ಸಂಜೆವರೆಗೆ ಬಂದು ಬಂದು ನೋಡಿ ಹೋಯಿತು. ಆ ಫೋಟೊ ಇವತ್ತಿಗೂ ತೆರೆದು ನೋಡಿಲ್ಲ. ದಯವಿಟ್ಟು ಹೊಸಬರಿಗೆ ಇದನ್ನು ಕಲಿಸಬೇಡಿ.

ಹಿತ್ತಲು, ಹಾಸನ: ಕೆಂಬೂತ ನಾನು ಕಳಿಸಿದ್ದಲ್ಲ. ನನ್ನ ಹಿತ್ತಲು, ನನ್ನ ಗಿಡ.

ಗದ್ದೆ ಬದಿ, ಕಾರ್ಕಳ: ಗಿಡ ನಿಮ್ಮದು. ಮರಿ ಅಲ್ಲ.

ಅಡಿಕೆ ತೋಟ, ಶಿರಸಿ: ಕಾರ್ಕಳದವರ ಮಾತಿಗೆ ನನ್ನದೂ ದನಿ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತೆಗೆಯೋರ ಬಗ್ಗೆಯೂ ಇದೇ ಸಿಟ್ಟು ನನಗೆ. ಬೆಳಿಗ್ಗೆ ಆರೂವರೆಗೆ ಎದ್ದು ಹೋದರೆ ಏರೋಪ್ಲೇನ್ ಚಿಟ್ಟೆ ರೆಕ್ಕೆ ಮೇಲೆ ಇಬ್ಬನಿ ಹೊತ್ತು ತಾನೇ ಅಲುಗದೆ ಕೂತಿರುತ್ತೆ.

ತಾರಸಿ ತೋಟ, ಮೈಸೂರು: ಇನ್ನೂ ಏನೂ ತಗೊಂಡಿಲ್ಲ. ನಿನ್ನೆ ಸೈಟಿನ ಮಾಲೀಕರು ಜೆಸಿಬಿ ತರಿಸಿ ಪೂರ್ತಿ ಕೆರೆಸಿಬಿಟ್ಟರು. ಟ್ರೈಡಾಕ್ಸೂ ಇಲ್ಲ, ತುಂಬೆಯೂ ಇಲ್ಲ. ಕಾಂಪೌಂಡ್ ಮೂಲೆಯಲ್ಲಿ ಒಂದು ಎಕ್ಕದ ಗಿಡ ಮಾತ್ರ ಉಳಿದಿದೆ. ಎಲೆಯಡಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಇದೆ, ಮೈಮೇಲೆ ಮೂರು ಜೊತೆ ಕಪ್ಪು ಎಳೆ. ಯಾವುದಿದು?

ಎರಡನೇ ಮಹಡಿ, ಬೆಂಗಳೂರು: ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳ! ಭಾನುವಾರದ ತನಕ ಕಾಯಬೇಡಿ, ಇವತ್ತೇ ತೆಗೆಯಿರಿ, ಮೊಬೈಲಿನಲ್ಲೇ. ಆ ಗಿಡ ಉಳಿಸಿ ಅಂತ ಮಾಲೀಕರನ್ನೂ ಒಂದು ಮಾತು ಕೇಳಿ.

ನಿವೃತ್ತ ಮಾಸ್ತರು, ಧಾರವಾಡ: ಎಕ್ಕದ ಎಲಿ ಹರೀಬ್ಯಾಡ್ರಿ. ಹಾಲು ಹತ್ತಿದ ಕೈಲೆ ಕಣ್ಣು ಒರಸ್ಕೊಂಡು ನಾ ಎರಡು ದಿನ ಮಂಜು ಮಂಜು ಕಂಡೀನಿ, ಡಾಕ್ಟರು ಬೈದ್ರು. ಕೈ ತೊಳ್ಕೊಂಡೇ ಕ್ಯಾಮೆರಾ ಕಣ್ಣಿಗೆ ಹಿಡೀರಿ.