ಮನೆಯಲ್ಲೇ ಕ್ಲಿಪ್ಪು, ಸ್ಕ್ರಂಚಿ ಮಾಡುವವರು ನಿಮ್ಮ ಅನುಭವ ಹೇಳಿ

ಕೇಳಿದವರು, ಮಂಡ್ಯದಿಂದ

ನಮಸ್ಕಾರ. ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಒಂದನೇ ಕ್ಲಾಸು, ಚಿಕ್ಕವಳಿಗೆ ಎರಡು ವರ್ಷ. ಕ್ಲಿಪ್ಪು, ಹೇರ್‌ಬ್ಯಾಂಡು ಎಷ್ಟು ತಂದರೂ ಸಾಲಲ್ಲ. ಹೊಲಿಗೆ ಮೆಷಿನ್ ಇದೆ, ಹಳೇ ಸೀರೆ, ಬ್ಲೌಸ್ ಪೀಸು ಬೀರು ತುಂಬ ಇದೆ. ಜಾಸ್ತಿ ಖರ್ಚಿಲ್ಲದೆ ಏನೇನು ಮಾಡಬಹುದು? ಚೆನ್ನಾಗಿ ಬಂದರೆ ಗೌರಿ ಹಬ್ಬದ ಹೊತ್ತಿಗೆ ಅಕ್ಕಪಕ್ಕದವರಿಗೆ ಮಾರುವ ಆಸೆಯೂ ಇದೆ.

ಮೈಸೂರು, ಕುವೆಂಪುನಗರ

ಮೆಷಿನ್ ಇದೆ ಅಂದಮೇಲೆ ಸ್ಕ್ರಂಚಿಯಿಂದಲೇ ಶುರು ಮಾಡಿ, ಅಂದರೆ ಒಳಗೆ ಎಲಾಸ್ಟಿಕ್ ಇರುವ, ಕೂದಲು ಕಟ್ಟುವ ಬಟ್ಟೆಯ ಬ್ಯಾಂಡು. 4 ಇಂಚು ಅಗಲ, 18 ಇಂಚು ಉದ್ದದ ಪಟ್ಟಿ ಸಾಕು. 36 ಇಂಚು ಪನ್ನದ (ಅಗಲದ) ಒಂದು ಮೀಟರ್ ಬಟ್ಟೆಯಲ್ಲಿ ಇಂಥ 18 ಪಟ್ಟಿ ಬರುತ್ತವೆ. ಹೊಸ ಕಾಟನ್ ಆದರೆ ಕತ್ತರಿಸುವ ಮುಂಚೆ ಒಮ್ಮೆ ನೆನೆಸಿ ಒಣಗಿಸಿ. ಕೆಂಪು, ಕಡುನೀಲಿ ಬಣ್ಣ ಬಿಟ್ಟರೆ ಮಕ್ಕಳ ಯೂನಿಫಾರಂ ಕಾಲರ್‌ಗೆ ಅಂಟುತ್ತೆ.

ಪಟ್ಟಿಯ ಒಳಮೈ ಹೊರಗೆ ಬರುವ ಹಾಗೆ ಉದ್ದಕ್ಕೆ ಮಡಚಿ ಹೊಲಿಯಿರಿ, ಆಮೇಲೆ ತಿರುಗಿಸಿ. ಕಾಲಿಂಚು ಅಗಲದ ಎಲಾಸ್ಟಿಕ್ 7 ಇಂಚು ಕತ್ತರಿಸಿ, ಒಂದು ತುದಿಗೆ ಪಿನ್ನು ಚುಚ್ಚಿ ಒಳಗೆ ಬಿಡಿ. ಇನ್ನೊಂದು ತುದಿಯನ್ನು ಬಟ್ಟೆಗೇ ಪಿನ್ನು ಹಾಕಿ ನಿಲ್ಲಿಸಿ, ಇಲ್ಲದಿದ್ದರೆ ಅದೂ ಒಳಗೆ ಸರಿದುಹೋಗುತ್ತೆ. ಎರಡೂ ತುದಿ ಹೊರಗೆ ಬಂದ ಮೇಲೆ ಗಂಟು ಹಾಕಬೇಡಿ. ಅರ್ಧ ಇಂಚು ಒಂದರ ಮೇಲೊಂದು ಇಟ್ಟು, ಮೆಷಿನ್ನಿನಲ್ಲಿ ಹಿಂದೆ ಮುಂದೆ ಓಡಿಸಿ, ಆಮೇಲೆ ಬಟ್ಟೆಯ ಎರಡು ತುದಿಯನ್ನೂ ಸೇರಿಸಿ ಹೊಲಿಯಿರಿ. ಗಂಟಾದರೆ ಕೈಗೆ ಸಿಗುತ್ತೆ, ಎಳೆದೂ ಎಳೆದೂ ಬಿಚ್ಚಿಕೊಳ್ಳುತ್ತೆ.

ನಾನು ಒತ್ತಿ ಹೇಳುವುದು ಒಂದೇ ಮಾತು. ಬಟ್ಟೆಯಲ್ಲಿ ಎಷ್ಟು ಬೇಕಾದರೂ ಉಳಿಸಿ, ಎಲಾಸ್ಟಿಕ್ಕಿನಲ್ಲಿ ಮಾತ್ರ ಉಳಿಸಬೇಡಿ. ಕಣ್ಣಿಗೆ ಕಾಣುವುದು ಬಟ್ಟೆ, ಬಾಳಿಕೆ ಕೊಡುವುದು ಒಳಗಿರುವುದು. ಅಂಗಡಿಯಲ್ಲೇ ಒಂದು ಗೇಣು ಎಳೆದು ಬಿಡಿ. ತಕ್ಷಣ ಮೊದಲಿನ ಅಳತೆಗೆ ಬರಬೇಕು. ಕಿವಿ ಹತ್ತಿರ ಹಿಡಿದು ಎಳೆದಾಗ ಚಟಚಟ ಅಂದರೆ ಒಳಗಿನ ರಬ್ಬರ್ ಒಣಗಿದೆ ಅಂತ ಅರ್ಥ, ತಗೋಬೇಡಿ.

ಶ್ರೀರಂಗಪಟ್ಟಣ

ನಾನು ಟೈಲರಿಂಗ್ ಮಾಡುವವಳು. ಹಳೇ ರೇಷ್ಮೆ ಸೀರೆ ಕತ್ತರಿಸುವ ಮುಂಚೆ ಬೆಳಕಿಗೆ ಹಿಡಿದು ನೋಡಮ್ಮ. ವರ್ಷಗಟ್ಟಲೆ ಮಡಿಕೆ ಬಿದ್ದ ಕಡೆ ದಾರ ಸವೆದಿರುತ್ತೆ, ಅಲ್ಲಿ ಮೆಷಿನ್ ಸೂಜಿ ಬಿದ್ದರೆ ಜರ‍್ರಂತ ಹರಿಯುತ್ತೆ. ಮಡಿಕೆ ಬಿಟ್ಟು ನಡುನಡುವೆ ಕತ್ತರಿಸು. ಜರಿ ಅಂಚು ಸ್ಕ್ರಂಚಿಗೆ ಬೇಡ, ಕೂದಲಿಗೆ ಸಿಕ್ಕಿಕೊಂಡು ಕೀಳುತ್ತೆ. ಅದನ್ನು ಕ್ಲಿಪ್ಪಿನ ಮೇಲಿನ ಬೋ ಮಾಡಲು ಎತ್ತಿಡು, ತುಂಬ ಚೆನ್ನಾಗಿ ಕಾಣುತ್ತೆ.

ನಿಮ್ಮ ಬೀದಿ ಟೈಲರನ್ನೂ ಒಂದು ಮಾತು ಕೇಳು. ಬ್ಲೌಸ್ ಕತ್ತರಿಸಿ ಉಳಿದ ಚೂರು ಬಟ್ಟೆ ನಮ್ಮಲ್ಲಿ ಮೂಟೆಗಟ್ಟಲೆ ಬೀಳುತ್ತೆ, ಸುಮ್ನೆ ಕೊಡುತ್ತೇವೆ.

ಮೈಸೂರು, ಸರಸ್ವತೀಪುರಂ

ಕ್ಲಿಪ್ಪಿನ ವಿಷಯ ನಾನು ಹೇಳುತ್ತೇನೆ. ಸ್ಯಾಟಿನ್ ರಿಬ್ಬನ್ನಿನಲ್ಲಿ ಹೂವು ಮಾಡುವಾಗ ಅಂಚು ಬಿಚ್ಚದಿರಲು ಮೇಣದಬತ್ತಿಗೆ ತೋರಿಸುತ್ತಾರಲ್ವಾ, ಉರಿಯ ತುದಿಗೆ ಹಿಡಿದರೆ ಮಸಿ ಹಿಡಿಯುತ್ತೆ. ಬುಡದಲ್ಲಿ ನೀಲಿ ಇರುವ ಕಡೆ, ಪಕ್ಕದಿಂದ ಸುಮ್ನೆ ಸೋಕಿಸಿ ತೆಗೆಯಿರಿ. ಪಾಲಿಯೆಸ್ಟರ್ ಕರಗಿ ಅಂಚು ಕೂರುತ್ತೆ. ಕಾಟನ್ ಕರಗಲ್ಲ, ಹೊತ್ತಿಕೊಳ್ಳುತ್ತೆ. ಅದಕ್ಕೆ ಅಂಚು ಮಡಚಿ ಹೊಲಿಗೆಯೇ ಸರಿ.

ಬರೀ ಕಬ್ಬಿಣದ ಕ್ಲಿಪ್ಪಿಗೆ ನೇರವಾಗಿ ಬೋ ಅಂಟಿಸಿದರೆ ಬೇಗ ಕಳಚುತ್ತೆ. ಮೊದಲು ಕ್ಲಿಪ್ಪಿಗೆ ಸಣ್ಣ ರಿಬ್ಬನ್ ಸುತ್ತಿ ಅಂಟಿಸಿ, ಆ ರಿಬ್ಬನ್ನಿಗೆ ಬೋ ಅಂಟಿಸಿ, ಆಮೇಲೆ ಸೂಜಿದಾರದಲ್ಲಿ ಎರಡು ಹೊಲಿಗೆ ಹಾಕಿ. ಗ್ಲೂ ಗನ್ ಒಳ್ಳೆಯದೇ, ಆದರೆ ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟರೆ ಆ ಅಂಟು ಮೆತ್ತಗಾಗುತ್ತೆ. ಫೆವಿಕ್ವಿಕ್ ಬೇಡವೇ ಬೇಡ. ಅಕ್ಕಪಕ್ಕ ಬಿಳಿ ಬೂದಿಯ ಹಾಗೆ ಕೂರುತ್ತೆ, ಬಟ್ಟೆ ಗಟ್ಟಿಯಾಗಿ ಚುಚ್ಚುತ್ತೆ.

ಚಿಕ್ಕ ಮಗುವಿನ ಮಾತು ಬೇರೆ. ಎರಡು ವರ್ಷದ ಮಗು ತಲೆಯಲ್ಲಿದ್ದದ್ದನ್ನು ಕಿತ್ತು ಮೊದಲು ಬಾಯಿಗೆ ಹಾಕುತ್ತೆ. ಮಣಿ, ಗುಂಡಿ, ಕುಂದಣ ಒಂದೂ ಬೇಡ. ಮೂರು ವರ್ಷ ದಾಟುವವರೆಗೆ ಬರೀ ಬಟ್ಟೆಯ ಸ್ಕ್ರಂಚಿ, ಅದೂ ಸಡಿಲವಾಗಿ. ಮಲಗುವಾಗ ತೆಗೆದುಬಿಡಿ. ಮಾರುವಾಗಲೂ ಮಗುವಿನ ವಯಸ್ಸು ಕೇಳಿಯೇ ಕೊಡಿ, ದಯವಿಟ್ಟು.

ಕೇಳಿದವರು

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಮಣಿ ಕ್ಲಿಪ್ಪೆಲ್ಲ ಈಗಲೇ ಎತ್ತಿಟ್ಟೆ. ಸಾಮಾನು ಎಲ್ಲಿ ತರಲಿ? ಎಷ್ಟಕ್ಕೆ ಮಾರಲಿ?

ಮಂಡ್ಯ

ಶುರುವಿಗೆ ನಮ್ಮ ಪೇಟೆ ಬೀದಿಯೇ ಸಾಕು ಕಣಮ್ಮ. ಸ್ವಲ್ಪ ಜಾಸ್ತಿ ಬೇಕಾದಾಗ ಮೈಸೂರಿಗೆ ಹೋಗಿ ಸಂತೆಪೇಟೆ, ಶಿವರಾಂಪೇಟೆ ಕಡೆ ಸುತ್ತಾಡು. ಕ್ಲಿಪ್ಪನ್ನು ಗ್ರೋಸ್ ಲೆಕ್ಕದಲ್ಲಿ ಕೊಡುತ್ತಾರೆ, ಗ್ರೋಸ್ ಅಂದರೆ 144. ಅಷ್ಟು ಖಾಲಿಯಾಗುತ್ತೆ ಅನ್ನುವ ಧೈರ್ಯ ಬರುವವರೆಗೆ ಡಜನ್ನಿನಲ್ಲೇ ತಗೋ. ಬೆಂಗಳೂರಿನ ಹೋಲ್‌ಸೇಲ್ ಪೇಟೆ ಮಾಮೂಲುಪೇಟೆಗೆ ಹೋಗಬೇಕು ಅಂತ ಈಗಲೇ ಓಡಬೇಡ. ರೇಟು ಕಡಿಮೆ ಅಂತ ಬೇಡದ್ದೆಲ್ಲ ಕೊಂಡು ತಂದು ದುಡ್ಡು ಸುಮ್ನೆ ಕೂರುತ್ತೆ.

ರೇಟು ಹಾಕುವಾಗ ‘ಬಟ್ಟೆ ಮನೆಯದ್ದೇ ಅಲ್ವಾ’ ಅಂತ ಬಿಟ್ಟುಬಿಡಬೇಡ. ಬೀರು ಒಂದು ದಿನ ಖಾಲಿಯಾಗುತ್ತೆ. ಆಮೇಲೆ ಬಟ್ಟೆ ಕೊಂಡು ಮಾಡಬೇಕಾದಾಗ ಹಳೇ ರೇಟಿಗೆ ಕೊಡಲಾಗಲ್ಲ, ಏರಿಸಿದರೆ ಅಕ್ಕಪಕ್ಕದವರಿಗೆ ಬೇಜಾರು. ಮೊದಲ ದಿನದಿಂದಲೇ ಬಟ್ಟೆಯ ದುಡ್ಡು, ಎಲಾಸ್ಟಿಕ್ಕು, ದಾರ, ನೀನು ಕೂತ ಹೊತ್ತು ಎಲ್ಲ ಸೇರಿಸು. ಒಂದೊಂದೇ ಹೊಲಿಯುವ ಬದಲು ಹತ್ತು ಪಟ್ಟಿ ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ಹೊಲಿದು, ಒಟ್ಟಿಗೆ ತಿರುಗಿಸಿದರೆ ಆ ಹೊತ್ತು ಬಹಳ ಉಳಿಯುತ್ತೆ.

ಶ್ರೀರಂಗಪಟ್ಟಣ

ಗೌರಿ ಹಬ್ಬ ಅಂದೆಯಲ್ಲ, ಹಾಗಾದರೆ ಜಡೆ ಕುಚ್ಚು ಮಾಡು. ಲಂಗ ಬ್ಲೌಸ್ ಹಾಕಿದ ಮಗುವಿಗೆ ಜಡೆ ತುದಿಯಲ್ಲಿ ಕುಚ್ಚಿದ್ದರೇನೇ ಲಕ್ಷಣ. ಅಂಗೈ ಉದ್ದದ ರಟ್ಟಿಗೆ ರೇಷ್ಮೆ ದಾರವನ್ನು ದಪ್ಪ ಬರುವವರೆಗೆ ಸುತ್ತು. ಮೇಲಿನ ಕೊನೆಯಲ್ಲಿ ಬಿಗಿಯಾಗಿ ಕಟ್ಟಿ, ಕೆಳಗೆ ಕತ್ತರಿಸು. ಕುತ್ತಿಗೆಯ ಹತ್ತಿರ ಅದೇ ದಾರದಿಂದ ಮತ್ತೆ ಸುತ್ತಿ ಗಂಟು ಹಾಕು. ತುದಿ ಒಂದೇ ಸಮ ಬರಬೇಕಾದರೆ ಕುಚ್ಚಿಗೆ ಕಾಗದ ಬಿಗಿಯಾಗಿ ಸುತ್ತಿ, ಕಾಗದದ ಅಂಚಿಗೆ ಕತ್ತರಿ ಆಡಿಸು. ಇಂಥ ಮೂರು ಕುಚ್ಚನ್ನು ಒಂದು ಕಪ್ಪು ರಬ್ಬರ್ ಬ್ಯಾಂಡಿಗೆ ಕಟ್ಟಿದರೆ ಒಂದು ಜಡೆಗೆ ಆಯಿತು.

ಲಂಗದ ಬಣ್ಣ ಕೇಳಿಕೊಂಡು ಮಾಡಿಕೊಡು, ಅಂಗಡಿಯಲ್ಲಿ ಆ ಬಣ್ಣಕ್ಕೆ ಸರಿಯಾಗಿ ಸಿಗಲ್ಲ. ಹಬ್ಬದ ಹಿಂದಿನ ವಾರ ಹೊಸ ಆರ್ಡರ್ ಹಿಡಿಯಬೇಡ, ಮನೆ ಕೆಲಸವೇ ಕೈತುಂಬ ಇರುತ್ತೆ. ಶ್ರಾವಣ ಶುರುವಾಗುತ್ತಿದ್ದ ಹಾಗೆ ನಾಲ್ಕು ಬಣ್ಣದಲ್ಲಿ ಮಾಡಿ ನಿನ್ನ ದೊಡ್ಡ ಮಗಳಿಗೇ ಹಾಕಿ ಕಳಿಸು. ಕೇಳಿಕೊಂಡು ಬರುತ್ತಾರೆ.